ಹಳೆಯ ಸೂರಿನ ಗೆರೆ

ನೀಲವ್ವ, ನಿನ್ನ ಚೊಚ್ಚಲ ಬಾಣಂತನ ತವರಿನಲ್ಲಿ ಆಗದಂತೆ ಮಾಡಿದವನು ನಾನು. ನಿನ್ನ ಅಪ್ಪನಲ್ಲ. ಮನೆಯ ಮಾಡಿಗೆ ಹಂಚು ಹೊದಿಸಲು ಪರವಾನಗಿ ಸಿಗಲಿಲ್ಲ, ಮಗಳನ್ನು ಕರೆದೊಯ್ಯಲಾರೆ ಎಂದು ಶಿವಪ್ಪನವರು ನಿನ್ನ ಅತ್ತೆಯ ಮನೆಗೆ ಬಂದು ಹೇಳಿದರಲ್ಲ, ಅದು ನೆವವಾಗಿರಲಿಲ್ಲ, ಅಕ್ಷರಶಃ ನಿಜವಾಗಿತ್ತು. ಆ ಪರವಾನಗಿ ಸಿಗದಂತೆ ನೋಡಿಕೊಂಡವನು ನಿಮ್ಮ ಪಕ್ಕದ ಮನೆಯಲ್ಲೇ ಇದ್ದ — ನೀನು ಭಟ್ಟ ಕಾಕಾ ಎಂದು ಕರೆಯುತ್ತಿದ್ದ ನಾನು.

ಇದನ್ನು ಬರೆಯಲು ಇಷ್ಟು ವರ್ಷ ಏಕೆ ಬೇಕಾಯಿತೆಂದು ನೀನು ಕೇಳಬಹುದು. ಮರೆತಿದ್ದೆ ಎಂದು ಮಾತ್ರ ಹೇಳಲಾರೆ. ನಾನು ಏನನ್ನೂ ಮರೆಯುವವನಲ್ಲ. ಭೈರುಂಬೆಯ ಮದುವೆಯೊಂದರಲ್ಲಿ ಬಾಗಿಲಲ್ಲಿ ನಿಂತ ನನ್ನನ್ನು ಕಂಡೂ ಕಾಣದಂತೆ ಒಳಹೋದವರು ಯಾರು, ಯಾವ ಪಂಕ್ತಿಯಲ್ಲಿ ಪಾಯಸದ ಪಾತ್ರೆ ನನ್ನ ಎಲೆಯನ್ನು ದಾಟಿ ಮುಂದೆ ಹೋಯಿತು, ನನಗೆ ಬರಬೇಕಾದ ಕುರ್ಚಿಯಲ್ಲಿ ಕಚೇರಿಯವರು ಯಾರನ್ನು ಕೂರಿಸಿದರು — ಎಲ್ಲವೂ ನೆನಪಿದೆ. ನನಗಾದ ಅನ್ಯಾಯಗಳನ್ನು ಇಷ್ಟು ಜತನದಿಂದ ಕಾಯ್ದುಕೊಂಡವನು, ನಾನೇ ಮಾಡಿದ ಒಂದನ್ನು ಮರೆತೆ ಎಂದರೆ ಯಾರು ನಂಬುತ್ತಾರೆ?

ನಿನಗೆ ನೆನಪಿರಬಹುದು, ನಮ್ಮ ಹಿತ್ತಿಲಲ್ಲಿ ಒಂದು ಮಲ್ಲಿಗೆ ಚಪ್ಪರವಿತ್ತು. ಅದನ್ನು ಹಾಕಿದವಳು ನನ್ನ ಹೆಂಡತಿ. ಅವಳು ಯಲ್ಲಾಪುರ ತಾಲೂಕಿನ ಚಂದಗುಳಿಯ ಕಡೆಯವಳು. ಒಮ್ಮೆ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಕಾರಣ ದೊಡ್ಡದೇನಲ್ಲ — ಅಥವಾ ನನಗೆ ದೊಡ್ಡದಾಗಿ ಕಾಣಲಿಲ್ಲ. ಅವಳ ಅಣ್ಣ ಬಂದು ಜಗಲಿಯ ತುದಿಯಲ್ಲಿ ಕುಳಿತು, "ಭಾವಾ, ತಂಗಿ ಬತ್ತಿಲ್ಲೆ ಹೇಳ್ತು. ಆನು ಎಂತ ಮಾಡ್ಲಿ?" ಎಂದು ನೆಲ ನೋಡುತ್ತ ಹೇಳಿ ಹೋದ. ಆಮೇಲೆ ಆ ಹೂವನ್ನು ಕೊಯ್ಯುವವರು ಯಾರೂ ಇರಲಿಲ್ಲ. ನೀನು ಬಂದು ಕೊಯ್ದುಕೊಂಡು ಹೋಗುತ್ತಿದ್ದೆ. ನೀನು ಮದುವೆಯಾಗಿ ಬನವಾಸಿಯ ಕಡೆಗೆ ಹೋಗುವವರೆಗೂ ನನ್ನ ಮನೆಯೊಳಗೆ ಕೇಳಿಸುತ್ತಿದ್ದ ಇನ್ನೊಬ್ಬರ ಧ್ವನಿಯೆಂದರೆ ನಿನ್ನದೊಂದೇ. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ.

ಇನ್ನು ನಿನ್ನ ಅಪ್ಪನ ಮಾತಿಗೆ ಬರುತ್ತೇನೆ. ಅದು ಸಂಜೆಯ ಹೊತ್ತು. ನಿಮ್ಮ ಮನೆಮುಂದಿನ ಅಂಗಡಿಯ ಕಟ್ಟೆಯ ಮೇಲೆ ಎಂದಿನಂತೆ ನಾಲ್ಕು ಜನ ಕೂತಿದ್ದರು. ಕಟ್ಟೆ ರಸ್ತೆಯ ಕಡೆಗೆ ಚಾಚಿದ ವಿಚಾರದಲ್ಲಿ ಕಚೇರಿಯಿಂದ ನಾನೇ ಬರೆದ ನೋಟೀಸು ಅವರಿಗೆ ಹೋಗಿತ್ತು. ನಾನು ಕೊಡೆ ಹಿಡಿದು ಅದೇ ದಾರಿಯಲ್ಲಿ ಬಂದೆ. ಶಿವಪ್ಪನವರು ನಗುತ್ತ, ನಿಂತಲ್ಲಿಂದಲೇ ಕೂಗಿದರು:

"ಏನ್ ಭಟ್ರ, ಊರಿಗೆಲ್ಲಾ ನೋಟೀಸ್ ಕಳಸ್ತೀರಿ. ಮನಿಯವರು ತವರಿಗೆ ಹೋಗಿ ಕುಂತಾರಲ್ರಿ, ಅವರಿಗೂ ಒಂದು ಕಳಸ್ರಲ್ಲ!"

ಕಟ್ಟೆ ಕಟ್ಟೆಯೇ ನಕ್ಕಿತು. ಅವರ ಮನಸ್ಸಿನಲ್ಲಿ ವಿಷವಿರಲಿಲ್ಲ. ನಕ್ಕು ಮುಗಿದ ಮೇಲೆ "ಬರ್ರಿ, ಚಾ ಕುಡೀರಿ" ಎಂದು ಕರೆದದ್ದೂ ಕೇಳಿಸಿತು. ನಾನು ನಿಲ್ಲಲಿಲ್ಲ. ಇಂದಿಗೂ ಆ ನಗು ನೆನಪಾದರೆ ಮೈ ಉರಿಯುತ್ತದೆ — ಇದನ್ನು ಮುಚ್ಚಿಡುವುದಿಲ್ಲ, ನೀಲವ್ವ. ಮಾತು ತಾಗಿದ್ದು ಅದು ಸುಳ್ಳಾಗಿದ್ದರಿಂದಲ್ಲ. ಹೆಂಡತಿಗೆ ನಾನು ಬರೆದ ಒಂದೇ ಒಂದು ಪತ್ರ ನೋಟೀಸಿನಂತೆಯೇ ಇತ್ತು. ಇಂಥ ದಿನದೊಳಗೆ ಬರತಕ್ಕದ್ದು, ತಪ್ಪಿದಲ್ಲಿ — ಹಾಗೆ. ಬೇರೆ ರೀತಿಯಲ್ಲಿ ಬರೆಯಲು ನನಗೆ ಬರುತ್ತಿರಲಿಲ್ಲ. ಅದು ನಿನ್ನ ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಹುಣ್ಣಿನ ಮೇಲೆ ಕೈಯಿಟ್ಟರು.

ಪೇಟೆಯ ಹಿಂದಿನ ಕೇರಿಗೆ ಬೆಂಕಿ ಬಿದ್ದದ್ದು ಅದರ ಮರುವರ್ಷ. ರಾಜ್ಯ ಒಂದಾಗಿ ಹೆಚ್ಚು ಕಾಲವಾಗಿರಲಿಲ್ಲ. ಕಚೇರಿಯ ಮೊಹರು ಮೈಸೂರಿನದಾಗಿತ್ತು. ಕಟ್ಟಡದ ನಿಯಮಗಳು ಮಾತ್ರ ಮುಂಬಯಿ ಕಾಲದವೇ, ಮರಾಠಿಯಲ್ಲಿ ಅಚ್ಚಾದವು. ಹೊಸದಾಗಿ ಬಂದ ಸಾಹೇಬರು ಮರಾಠಿ ಓದಲಾರರು. ಕಟ್ಟಡದ ಅರ್ಜಿಗಳ ಕಾರಕೂನನಾದ ನಾನು ಓದಿ ಹೇಳಿದ್ದೇ ನಿಯಮ. ಬೆಂಕಿಯ ನಂತರ ಹುಕುಂ ಬಂತು — ಪೇಟೆಯ ಸಾಲಿನಲ್ಲಿ ಇನ್ನು ಮುಂದೆ ಯಾರೂ ಅಡಿಕೆ ಸೋಗೆಯನ್ನಾಗಲಿ ಹುಲ್ಲನ್ನಾಗಲಿ ಹೊಸದಾಗಿ ಹೊದಿಸಕೂಡದು, ಹೊದಿಸುವುದಾದರೆ ಹಂಚು, ಅದಕ್ಕೆ ಪರವಾನಗಿ ಬೇಕು. ಪರವಾನಗಿಗೆ ಆ ಮರಾಠಿ ಪುಸ್ತಕದ ನಿಯಮವೇ: ಹೊಸ ಮಾಡಿನ ಸೂರು ನೆರೆಯವನ ಗಡಿಯಿಂದ ಎರಡು ಮೊಳ ಒಳಗಿರಬೇಕು.

ಎರಡು ಮೊಳ! ನಮ್ಮ ಸಾಲಿನ ಮನೆಗಳನ್ನು ನೀನು ಬಲ್ಲೆ. ಒಂದರ ಸೂರಿನ ನೀರು ಇನ್ನೊಂದರ ಸೂರಿನ ನೀರಿನ ಜೊತೆ ಒಂದೇ ಕಿರುಓಣಿಗೆ ಬೀಳುತ್ತಿತ್ತು. ಎರಡು ಮೊಳ ಒಳಗೆ ಸರಿಯಬೇಕೆಂದರೆ ಗೋಡೆ ಕೆಡವಬೇಕು. ಕೆಡವಿದರೆ ಒಂದು ಕೋಣೆಯೇ ಹೋಗುತ್ತದೆ. ನಿಯಮ ಮಾಡಿದವರಿಗೂ ಇದು ತಿಳಿದಿತ್ತು. ಆದ್ದರಿಂದ ಅದರ ಕೆಳಗೆ ಒಂದು ಸಾಲು ಬರೆದಿದ್ದರು: ಗೋಡೆಗಳನ್ನು ಮುಟ್ಟದೆ ಹೊದಿಕೆಯನ್ನಷ್ಟೇ ಬದಲಿಸುವುದಾದರೆ ಹಳೆಯ ಸೂರಿನ ಗೆರೆಯೇ ಮಾನ್ಯ. ಸಾಲಿನ ಉಳಿದ ಮನೆಗಳಿಗೆಲ್ಲ ನಾನು ಪರವಾನಗಿ ಬರೆದುಕೊಟ್ಟದ್ದು ಇದೇ ಸಾಲಿನ ಬಲದಿಂದ. ಅವರಾರಿಗೂ ಅದನ್ನು ವಿವರಿಸಿರಲಿಲ್ಲ, ಯಾರೂ ಕೇಳಿರಲಿಲ್ಲ. ಕಾಗದ ಬರುತ್ತದೆ ಎಂಬುದಷ್ಟೇ ಅವರಿಗೆ ಬೇಕಾಗಿತ್ತು.

ಕಾಗದ ಬರುವ ಮೊದಲೇ ಸೋಗೆ ಇಳಿಸುವುದು ನಮ್ಮ ಪೇಟೆಯ ವಾಡಿಕೆ. ಒಳ್ಳೆಯ ದಿನ ನೋಡಿ, ನೆರೆಹೊರೆಯವರು ಸೇರಿ, ಬೆಳಗಿನಿಂದ ಮಧ್ಯಾಹ್ನದೊಳಗೆ ಇಳಿಸಿಬಿಡುತ್ತಿದ್ದರು. ಇಳಿಸಿದ ಸೋಗೆ ಅಂದೇ ಗೊಬ್ಬರದ ಗುಂಡಿಗೆ. ತೆಗೆದ ಹೊದಿಕೆಯನ್ನು ಮತ್ತೆ ತಲೆಯ ಮೇಲೆ ಏರಿಸುವುದು ಅಶುಭವೆಂದು ಯಾರೂ ಅದನ್ನು ಉಳಿಸುತ್ತಿರಲಿಲ್ಲ. ಪರವಾನಗಿ ಆಮೇಲೆ ನಿಧಾನವಾಗಿ ಬರುತ್ತಿತ್ತು. ಎಲ್ಲರಿಗೂ ಹಾಗೆಯೇ ನಡೆದಿತ್ತು, ನಾನೇ ನಡೆಸಿಕೊಟ್ಟಿದ್ದೆ.

ಬೇಸಿಗೆಯ ಕೊನೆಯಲ್ಲಿ ಒಂದು ದಿನ ನಿನ್ನ ಅಪ್ಪ ನಮ್ಮ ಬೇಲಿಯ ದಣಪೆ ಬಾಗಿಲ ಬಳಿ ನಿಂತು ಹೇಳಿದರು: "ಭಟ್ರ, ಸೋಮವಾರ ಸ್ವಾಗಿ ಇಳಸ್ತೀವ್ರಿ. ಅರ್ಜಿ ನಿಮ್ಮ ಮೇಜಿನ ಮ್ಯಾಲ ಐತಿ. ನೀಲಾ ಏಳು ತಿಂಗಳಾಕಿ. ಬಾಣಂತಿ ಖೋಲ್ಯಾಗ ಬೆಂಕಿ ಇಡಬೇಕು ನೋಡ್ರಿ — ಆ ಕೇರಿ ಬೆಂಕಿ ಕಂಡ ಮ್ಯಾಲ ಸ್ವಾಗಿ ಕೆಳಗ ಆಕಿನ್ನ ಮಲಗಸಾಕ ನನಗ ಧೈರ್ಯ ಇಲ್ರಿ."

ನಾನು ತಲೆಯಾಡಿಸಿದೆ. ಇಳಿಸಬೇಡಿ, ಮೊದಲು ಕಾಗದ ಬರಲಿ — ಎನ್ನಬಹುದಿತ್ತು. ಎನ್ನಲಿಲ್ಲ. ಆಗಲೇ ನನ್ನ ಮನಸ್ಸಿನಲ್ಲಿ ಎಲ್ಲವೂ ಸಿದ್ಧವಾಗಿತ್ತೇ? ಪ್ರಾಮಾಣಿಕವಾಗಿ ಹೇಳುವುದಾದರೆ — ಹೌದು, ಆಗಿತ್ತು. ಒಮ್ಮೆ ಸೋಗೆ ಇಳಿಯಿತೆಂದರೆ ಮತ್ತೆ ಸೋಗೆ ಹೊದಿಸಲು ಹುಕುಂ ಬಿಡುವುದಿಲ್ಲ, ಹಂಚು ಹೊದಿಸಲು ನಾನು ಬಿಡಬೇಕು.

ಸೋಮವಾರ ಸೋಗೆ ಇಳಿಯಿತು. ಬುಧವಾರ ನಾನು ಅಳತೆಯ ಟೇಪು ಹಿಡಿದು, ಕಚೇರಿಯ ಪಟ್ಟೆವಾಲ ಗಣಪನನ್ನು ಕರೆದುಕೊಂಡು ಹೋದೆ. ಶಿವಪ್ಪನವರು ಬಯಲಾದ ಮನೆಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಬರ್ರಿ ಭಟ್ರ, ಬರ್ರಿ! ಮ್ಯಾಲ ಆಕಾಶ ಒಂದ್ ಉಳದೈತಿ. ಅದನ್ನೂ ಅಳದು ಬರಕೊಂಡ್ಬಿಡ್ರಿ."

ನಾನು ಅಳೆದೆ. ಗಣಪ ಟೇಪಿನ ತುದಿ ಹಿಡಿದು ಒಮ್ಮೆ ಗೋಡೆಯನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿದ. "ಬಾಕಿ ಮನೆಗೆಲ್ಲ ಹಿಂಗೆ ಅಳತೆ ಮಾಡಿದ್ದಿಲ್ಲ ಅಲ್ದ, ಭಟ್ರೇ?" ಎಂದು ಮೆಲ್ಲಗೆ ಕೇಳಿದ. ನಾನು ಅವನನ್ನು ನೋಡಿದ ರೀತಿಗೆ ಅವನು ತಲೆ ತಗ್ಗಿಸಿ ಟೇಪು ಸುತ್ತತೊಡಗಿದ.

ಹೊಸ ಮಾಡಿನ ಮರ ಜಂಗಲ್ ಖಾತೆಯ ಪಾಸಿನ ಮೇಲೆ ಬಂದು ಅಂಗಳದಲ್ಲಿ ಬಿದ್ದಿತ್ತು. ಎಲ್ಲ ಇನ್ನೂ ಒರಟು ಮರ. ಒಂದು ತೊಲೆಯನ್ನು ಮಾತ್ರ ನಯವಾಗಿ ಕೆತ್ತಿ ಎಣ್ಣೆ ಹಚ್ಚಿ, ಬೇರೆಯಾಗಿ ಗೋಡೆಗೆ ಆನಿಸಿಟ್ಟಿದ್ದರು. ಅದರ ನಡುಮಧ್ಯದಲ್ಲಿ ಒಂದು ಕಬ್ಬಿಣದ ಕೊಂಡಿ ಬಡಿದಿತ್ತು. ತೊಟ್ಟಿಲು ಕಟ್ಟುವ ಕೊಂಡಿ. ಮಾಡಿಲ್ಲ, ಜಂತಿಯಿಲ್ಲ, ಹಂಚು ಇನ್ನೂ ಗಾಡಿಯಿಂದ ಇಳಿದಿಲ್ಲ — ಕೊಂಡಿ ಮಾತ್ರ ಆಗಲೇ ಬಂದು ಕೂತಿತ್ತು.

ನಾನು ಅದನ್ನು ನೋಡಿದೆ, ನೀಲವ್ವ. ಕಾಣಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಲು ಎಷ್ಟೋ ಸಲ ಯತ್ನಿಸಿದ್ದೇನೆ. ಕಂಡಿತ್ತು. ಕೈಯಲ್ಲಿ ಮುಟ್ಟಿಯೂ ಇದ್ದೆ.

ಆಮೇಲೆ ಹೇಳಿದೆ: ಸೂರು ಎರಡು ಮೊಳ ಒಳಗೆ ಸರಿಯಬೇಕು, ಈ ಗೋಡೆ ನಿಲ್ಲುವಂತಿಲ್ಲ. ನಿನ್ನ ಅಪ್ಪ ಇದೂ ಒಂದು ತಮಾಷೆಯೆಂದು ನಕ್ಕರು. ನಂತರ ನಗು ನಿಂತಿತು. ಒಳಗಿನಿಂದ ನಿನ್ನ ಅವ್ವ ಶಾಂತವ್ವ ಸೆರಗು ಎಳೆದುಕೊಂಡು ಬಂದರು.

"ಅಣ್ಣಾರ, ಮಳಿ ಬಾಗಲಿಗೆ ಬಂದೈತಿ. ಈಗ ಗ್ವಾಡಿ ಕೆಡವಿ ಯಾವಾಗ ಕಟ್ಟೂಣು? ಹುಡಿಗೀನ್ನ ಎಲ್ಲಿಗೆ ಕರಕೊಂಡು ಬರೂಣು? ಬ್ಯಾರೆ ಏನೂ ದಾರಿ ಇಲ್ಲೇನ್ರಿ?"

ದಾರಿ ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದೇ ಒಂದು ಸಾಲು.

"ಇಲ್ಲ," ಎಂದೆ.

ಆ ಒಂದು ಮಾತಿಗಾಗಿಯೇ ಇಷ್ಟನ್ನೂ ಬರೆಯುತ್ತಿದ್ದೇನೆ. ಉಳಿದದ್ದೆಲ್ಲ ಅದರ ಬೆನ್ನಿಗೆ ಬಂದದ್ದು. ನಿನ್ನ ಅಪ್ಪ ಸಾಹೇಬರ ಬಳಿಗೆ ಹೋದರು. ಸಾಹೇಬರು ನನ್ನನ್ನು ಕರೆದು ಕೇಳಿದರು. ಎರಡು ಮೊಳದ ನಿಯಮವನ್ನು ನಾನು ಮರಾಠಿಯಲ್ಲಿ ಓದಿ ಕನ್ನಡದಲ್ಲಿ ಅರ್ಥ ಹೇಳಿದೆ, ಅದರ ಕೆಳಗಿನ ಸಾಲಿಗೆ ಬರುವ ಮೊದಲೇ ಪುಸ್ತಕ ಮುಚ್ಚಿದೆ. ಉಳಿದ ಮನೆಗಳಿಗೆ ಹೇಗೆ ಸಿಕ್ಕಿತೆಂದು ನಿನ್ನ ಅಪ್ಪ ಕೇಳಿದ್ದಕ್ಕೆ, ಅವುಗಳ ಅಳತೆಯೇ ಬೇರೆ ಎಂದೆ. ಪಕ್ಕದ ಮನೆಯವನೆಂದು ಕೂಡ ಮುಖ ನೋಡದ ನನ್ನ ನಿಷ್ಠೆಯನ್ನು ಅವರು ಎಲ್ಲರೆದುರು ಹೊಗಳಿದರು. ಮಳೆ ಹಿಡಿಯಿತು. ನಿನ್ನ ಅವ್ವ–ಅಪ್ಪ ಗೋಡೆಗಳ ತಲೆಗೆ ತೆಂಗಿನ ಮಡಲು ಮುಚ್ಚಿ, ಪೇಟೆಯ ಇನ್ನೊಂದು ತುದಿಯಲ್ಲಿ ಯಾರದೋ ಉಗ್ರಾಣದಲ್ಲಿ ಮೂಟೆಗಳ ನಡುವೆ ಆ ಮಳೆಗಾಲ ಕಳೆದರು. ಅಲ್ಲಿಗೆ ಬಸುರಿ ಮಗಳನ್ನು ಹೇಗೆ ಕರೆತರುವುದು?

ನಾನು ಆ ಮಳೆಗಾಲವನ್ನು ಬಯಲಾದ ಮನೆಯ ಪಕ್ಕದಲ್ಲಿ ಒಬ್ಬನೇ ಕಳೆದೆ. ಅಂಗಡಿಯ ಕಟ್ಟೆಯಲ್ಲಿ ನಗುವವರು ಯಾರೂ ಇರಲಿಲ್ಲ. ನನಗೆ ಬೇಕಾಗಿದ್ದುದು ಅದೇ ಆಗಿತ್ತು, ಅದು ಸಿಕ್ಕಿತ್ತು. ಮಲ್ಲಿಗೆ ಅರಳಿ ಅರಳಿ ಕೆಳಗೆ ಬೀಳುತ್ತಿತ್ತು.

ದೀಪಾವಳಿ ಕಳೆದ ಮೇಲೆ ಆ ಸಾಲನ್ನು ನಾನೇ "ಹುಡುಕಿ" ತೆಗೆದೆ. ಸಾಹೇಬರಿಗೆ ತೋರಿಸಿ ಪರವಾನಗಿ ಬರೆಸಿದೆ. ನಿನ್ನ ಅಪ್ಪ ತೆಂಗಿನಕಾಯಿ ಹಿಡಿದು ನಮ್ಮ ಮನೆಗೆ ಬಂದರು. "ನೀವು ಹುಡಿಕಿ ತಗದ್ರಿ ಅಂತ ಆತ್ರಿ, ಭಟ್ರ. ನಿಮ್ಮನ್ನ ಒಮ್ಮೆ ನಗ್ಯಾಡಿದ್ದೆ, ಮನಸಿನ್ಯಾಗ ಇಟ್ಕೋಬ್ಯಾಡ್ರಿ" ಎಂದು ಎರಡೂ ಕೈ ಮುಗಿದರು. ನಾನು ಆ ಕಾಯಿಯನ್ನು ತೆಗೆದುಕೊಂಡೆ. ತೆಗೆದುಕೊಂಡು — ಇರಲಿ ಬಿಡಿ ಎಂದೆ.

ಅಷ್ಟರಲ್ಲಿ ನಿನಗೆ ಗಂಡುಮಗು ಹುಟ್ಟಿ ಅತ್ತೆಯ ಮನೆಯಲ್ಲೇ ತೊಟ್ಟಿಲಿಗೆ ಹಾಕಿಯಾಗಿತ್ತು. ಅಲ್ಲಿ ನೀನು ಏನೇನು ಕೇಳಬೇಕಾಯಿತೆಂಬುದು ನನಗೆ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ನಿನ್ನ ಅಪ್ಪ ತೀರಿಹೋದ ದಿನ. ನಾನು ಬಾಗಿಲಾಚೆ ನಿಂತಿದ್ದೆ. ನೀನು ಯಾರೋ ಹೆಂಗಸಿನ ಹೆಗಲಿಗೆ ತಲೆಯಿಟ್ಟು ಹೇಳಿದೆ:

"ಸಾಲಿಗೆ ಸಾಲು ಎಲ್ಲಾರ ಮನೀ ಮ್ಯಾಲೂ ಹಂಚು ಬಿದ್ದಾವ, ನಿಮ್ಮಪ್ಪಗ ಒಬ್ಬಗ ಪರವಾನಗಿ ಇಲ್ಲಂತ, ಅಂತ ನಮ್ಮತ್ತಿ ಆಡಿಕೊಂಡ್ಲು. ನಾ ಏನಂತ ಹೇಳ್ಲಿ ಯಕ್ಕಾ? ನನಗೂ ಹಂಗ ಅನಸ್ತು. ಅಪ್ಪಗ ನಾ ಭಾರ ಆಗಿದ್ದೆ. ಅದಕ್ಕ ಮಾತು ಬಿಟ್ಟೆ."

ಮಾತು ಬಿಟ್ಟೆ. ಅಂದರೆ ಅಷ್ಟೂ ವರ್ಷ! ನೀನು ಹಬ್ಬಕ್ಕೆ ಬಾರದಿದ್ದುದು, ಬಂದರೂ ಅವ್ವನ ಹತ್ತಿರ ಮಾತ್ರ ಕೂತು ಎದ್ದು ಹೋಗುತ್ತಿದ್ದುದು, ಸಂಜೆಯ ಹೊತ್ತಿಗೆ ಆ ಮನುಷ್ಯ ಕಟ್ಟೆಯ ಮೇಲೆ ಒಬ್ಬರೇ ಕೂತು ಬಸ್ಸು ಬರುವ ದಾರಿಯನ್ನು ನೋಡುತ್ತಿದ್ದುದು — ಎಲ್ಲದರ ಅರ್ಥ ಒಮ್ಮೆಲೇ ಆಯಿತು. ಆಗ ಎರಡು ಹೆಜ್ಜೆ ಮುಂದೆ ಬಂದು ಹೇಳಬಹುದಿತ್ತು. ಹೆಣ ಇನ್ನೂ ಮನೆಯಲ್ಲಿತ್ತು. ಮಗಳು ಅಪ್ಪನ ಮುಖವನ್ನು ಇನ್ನೊಂದು ಕಣ್ಣಿನಿಂದ ನೋಡಬಹುದಿತ್ತು. ನಾನು ಚಪ್ಪಲಿ ಹಾಕಿಕೊಂಡು ಮನೆಗೆ ಬಂದೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಅವಮಾನ ಮಾಡಿದವರನ್ನು ನಾನೇ ಒಬ್ಬರನ್ನೂ ಕ್ಷಮಿಸಿದವನಲ್ಲ. ನಿನ್ನಿಂದ ಕೇಳುವ ಮುಖ ನನಗಿಲ್ಲ. ಇದನ್ನು ನಿನ್ನ ಮನೆಯವರೆಲ್ಲರ ಎದುರಿಗೆ ಗಟ್ಟಿಯಾಗಿ ಓದಿಸು, ಆಡಿಕೊಂಡವರು ಯಾರಾದರೂ ಉಳಿದಿದ್ದರೆ ಅವರು ಮೊದಲು ಕೇಳಲಿ. ನಾನೇ ಬಂದು ಬಾಯಿಂದ ಹೇಳಬೇಕೆಂದು ಅನ್ನಿಸಿದರೆ ಹೇಳಿ ಕಳುಹಿಸು. ಕಾಲು ಸೋತಿದೆ, ಆದರೂ ಬರುತ್ತೇನೆ.

ನಿಮ್ಮ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ. ಮೊನ್ನೆ ಏನೋ ಕೇಳುವ ನೆಪದಲ್ಲಿ ಒಳಗೆ ಹೋಗಿ ತಲೆಯೆತ್ತಿ ನೋಡಿದೆ. ಆ ತೊಲೆ ನಡುಮನೆಯ ಪಕ್ಕದ ಕೋಣೆಯಲ್ಲಿ ಹಾಗೆಯೇ ಇದೆ, ಕೊಂಡಿಯೂ ಇದೆ. ನಿನ್ನ ಅಪ್ಪ ಬದುಕಿರುವಷ್ಟು ಕಾಲ ಅದಕ್ಕೆ ಏನನ್ನೂ ತೂಗುಹಾಕಲು ಬಿಟ್ಟಿರಲಿಲ್ಲವೆಂದು ಶಾಂತವ್ವ ಒಮ್ಮೆ ಹೇಳಿದ್ದರು. ಈಗಿನವರು ಬಾಳೆಗೊನೆ ಕಟ್ಟಿದ್ದಾರೆ. ಅದು ಯಾಕಿದೆಯೆಂದು ಅವರಿಗೆ ಗೊತ್ತಿಲ್ಲ. ನಿನಗೆ ಗೊತ್ತಿರಲಿ, ನೀಲವ್ವ — ಆ ಮನೆಗೆ ಹೊಸದಾಗಿ ಬಂದ ಮರದಲ್ಲಿ ಮೊದಲು ಸಿದ್ಧವಾದದ್ದು ಅದೇ.