ಉಚ್ಚಂಗೆಪ್ಪನವರ ಆಕಾಶನೌಕೆ

ಉಚ್ಚಂಗೆಪ್ಪನವರನ್ನು ನಾನು ಮೊದಲು ಸರ್ಕಾರದ ಗುಪ್ತಚರ ಎಂದುಕೊಂಡಿದ್ದೆ. ೧೯೯೮ರ ಮಾತು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಅವರು ದಿನವೂ ಡ್ರೈವರನ ಹಿಂದೆಯೇ ಕೂರುತ್ತಿದ್ದರು. ಅವನು ಗೇರು ಬದಲಿಸಿದಾಗೊಮ್ಮೆ, ಕನ್ನಡಿ ನೋಡಿದಾಗೊಮ್ಮೆ ಸಣ್ಣ ಪುಸ್ತಕದಲ್ಲಿ ಏನೋ ಗೀಚಿಕೊಳ್ಳುತ್ತಿದ್ದರು. ಒಂದು ದಿನ ಬಸ್ಸು ನಿಂತಾಗ ಜೇಬಿನಿಂದ ಟೇಪು ತೆಗೆದು, ಸೀಟಿಗೂ ಸ್ಟೇರಿಂಗಿಗೂ ಎಷ್ಟು ದೂರವೆಂದು ಅಳೆದರು. ಕಂಡಕ್ಟರ್ ಅಂದಿನಿಂದ ಟಿಕೆಟ್ ಹರಿಯದೆ ಯಾರನ್ನೂ ಒಳಗೆ ಬಿಡಲಿಲ್ಲ. ನಾನು ಯಾವ ತಪ್ಪೂ ಮಾಡಿರಲಿಲ್ಲ. ಆದರೂ ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯತೊಡಗಿದೆ.

ಗುಟ್ಟು ರಟ್ಟಾದದ್ದು ನಮ್ಮ ವಿದ್ಯಾನಗರದ ಕಲಾಸಂಘದ ಸಭೆಯಲ್ಲಿ. ಮಕ್ಕಳ ನಾಟಕಕ್ಕೊಂದು ಆಕಾಶನೌಕೆ ಬೇಕಿತ್ತು. ಅಪಾಯ ಬಂದಾಗ ಅದು ಎರಡಾಗಬೇಕು. ಹಿಂದಿನ ಅರ್ಧ ಹೆಂಗಸರನ್ನೂ ಮಕ್ಕಳನ್ನೂ ಹೊತ್ತು ಪಾರಾಗಬೇಕು, ಮುಂದಿನ ಅರ್ಧ ಕಪ್ತಾನನೊಂದಿಗೆ ಕಾದಾಟಕ್ಕೆ ಹೊರಡಬೇಕು. ಕಪ್ತಾನ ಕೂತು ನೌಕೆ ನಡೆಸುವ ಕೋಣೆಯ ನಕ್ಷೆಯನ್ನು ಅಧ್ಯಕ್ಷ ನಾಗಭೂಷಣ್ ಅವರು, ಕಾರ್ಯದರ್ಶಿಯಾದ ನನ್ನನ್ನು ಕೇಳದೆಯೇ, ಈ ಉಚ್ಚಂಗೆಪ್ಪನವರಿಗೆ ಒಪ್ಪಿಸಿದ್ದರು.

ಆವರಗೆರೆಯ ಈ ಮನುಷ್ಯ ಹರಿಹರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ನಕ್ಷೆಯ ಗೆರೆ ಎಳೆಯುವ ಡ್ರಾಫ್ಟ್ಸ್‌ಮನ್. ಅಲ್ಲಿನ ಪ್ರತಿ ನಕ್ಷೆಯ ಬಲಮೂಲೆಯಲ್ಲೂ ಒಂದು ಚೌಕ ಇರುತ್ತದಂತೆ. ಮೊದಲ ಸಾಲಿನಲ್ಲಿ ಗೆರೆ ಎಳೆದವರ ಹೆಸರು, ಎರಡನೆಯದರಲ್ಲಿ ವಿನ್ಯಾಸ ಮಾಡಿದವರದು, ಮೂರನೆಯದರಲ್ಲಿ ಒಪ್ಪಿದವರದು. ಉಚ್ಚಂಗೆಪ್ಪನವರ ಹೆಸರು ಎಂದೂ ಮೊದಲ ಸಾಲು ದಾಟಿರಲಿಲ್ಲ. ಬರುವ ಏಪ್ರಿಲ್‌ಗೆ ನಿವೃತ್ತಿ. ಎರಡನೆಯ ಸಾಲಿಗೆ ಏರಲು ಅವರಿಗೆ ಉಳಿದಿದ್ದುದು ಈ ನೌಕೆ ಒಂದೇ.

ಸಂಘದ ಹಾಲಿನ ನೆಲದ ಮೇಲೆ ಅವರು ಸೀಮೆಸುಣ್ಣದಲ್ಲಿ ನಿಜ ಅಳತೆಯ ಕೋಣೆಯನ್ನೇ ಬರೆದರು. ನೌಕೆ ಸೀಳುವ ಕಡೆ ಕೆಂಪು ಗೆರೆ. ಕಪ್ತಾನನ ಪೀಠ ಬಸ್ ಡ್ರೈವರನ ಸೀಟಿನಷ್ಟೇ ತಗ್ಗು. ಎಲ್ಲ ಗುಂಡಿಗಳೂ ಕೂತಲ್ಲೇ ಕೈಗೆ ಸಿಗಬೇಕು. ಅಧ್ಯಕ್ಷರಿಗೆ ಅನುಮಾನ ಬಂತು. ಮಕ್ಕಳ ನಾಟಕವಾದರೂ ಕಪ್ತಾನನ ಪಾತ್ರ ಅವರದೇ. ಪೀಠ ತಗ್ಗಿಸಿದ್ದು ತಮ್ಮನ್ನು ತಗ್ಗಿಸಲೆಂದೇ ಎಂದು ನನ್ನ ಕಿವಿಯಲ್ಲಿ ಹೇಳಿ, ಮೂರಡಿ ಎತ್ತರದ ಸಿಂಹಾಸನ ಕೇಳಿದರು. ಉಚ್ಚಂಗೆಪ್ಪ ಮೇಜಿನ ಮೇಲೊಂದು ಕುರ್ಚಿ ಇಟ್ಟು, ಅಧ್ಯಕ್ಷರನ್ನು ಹತ್ತಿಸಿ, ಗುಂಡಿ ಬರುವ ಎತ್ತರಕ್ಕೆ ತಮ್ಮ ಅಂಗೈ ಹಿಡಿದು, ನೌಕೆ ಸೀಳುವ ಗುಂಡಿ ಇದು, ಒತ್ತಿ ಎಂದರು. ಬೆರಳು ಎರಡಡಿ ಮೇಲೆಯೇ ಉಳಿಯಿತು. ಅಧ್ಯಕ್ಷರು ಬಗ್ಗಿದರು, ಕುರ್ಚಿ ಅಲುಗಿತು, ನಾನು ಓಡಿ ಹಿಡಿದುಕೊಂಡೆ.

ಅಧ್ಯಕ್ಷರು ಇಳಿದರು, ಅನುಮಾನ ಇಳಿಯಲಿಲ್ಲ. ಕಾಗದದ ನಕ್ಷೆಯನ್ನು ಎಳೆದುಕೊಂಡು ನೇರ ಮೂಲೆಯ ಚೌಕಕ್ಕೆ ಕಣ್ಣು ಹಾಕಿದರು. ಎರಡನೆಯ ಸಾಲಿನಲ್ಲಿ ತೆಳ್ಳಗೆ, ಪೆನ್ಸಿಲಿನಲ್ಲಿ, ಉಚ್ಚಂಗೆಪ್ಪ ಎಂದಿತ್ತು.

"ಸಂಘ ನಂದು, ನಾಟ್ಕ ನಂದು. ಇಲ್ಲಿ ನನ್ನ ಹೆಸ್ರು ಹಾಕು."

"ನಿಮ್ದು ಕೆಳಗ ಐತಲ್ರಿ, ಒಪ್ಪಿದವರು ಅಂತ."

ಕೆಳಗಿನ ಸಾಲು ಅಧ್ಯಕ್ಷರಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಇಪ್ಪತ್ತೊಂಬತ್ತು ವರ್ಷ ದೊಡ್ಡವರ ಹೆಸರಿಗೆ ಜಾಗ ಬಿಟ್ಟುಕೊಟ್ಟಿದ್ದ ಕೈ ಆಗಲೇ ಇಂಕಿನ ಪೆನ್ನು ಬಿಚ್ಚಿ, ಪೆನ್ಸಿಲಿನ ಅಕ್ಷರಗಳ ಮೇಲೆ ಒಂದೊಂದಾಗಿ ತಿದ್ದತೊಡಗಿತ್ತು.

"ಅಲ್ಲೋ ಮಾರಾಯ, ರಟ್ಟಿನ ನೌಕೆಗೆ ನಿನ್ನ ಹೆಸ್ರು ಯಾಕ ಬೇಕು?" ಎಂದರು ಅಧ್ಯಕ್ಷರು.

ಉಚ್ಚಂಗೆಪ್ಪ ಕೊನೆಯ ಒತ್ತಕ್ಷರ ಮುಗಿಸಿ ಪೆನ್ನಿನ ಮುಚ್ಚಳ ಹಾಕಿದರು.

"ನಾಟ್ಕದ ನಡುವೆ ನೌಕೆ ಕೆಟ್ಟು ನಿಂತ್ರೆ ಬೈಯಾಕೆ ಒಂದು ಹೆಸ್ರು ಬೇಕಲ್ರಿ. ನಿಮ್ಮನ್ನ ಬೈದ್ರೆ ಅದು ರಿಪೇರಿ ಆಗಲ್ಲ."