ಹಲಸಿನ ಮರವಿಲ್ಲದ ಗುತ್ತಿಗೆ ಪತ್ರ

ಜಮೀನಿನ ದಲ್ಲಾಳಿ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಅಜ್ಜಿ ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಸೆರಗಿನಡಿ ಬಚ್ಚಿಟ್ಟುಕೊಳ್ಳುತ್ತಿದ್ದಳು. ಅವಳೊಬ್ಬಳೇ ಅಲ್ಲ, ವಿರೂಪಾಕ್ಷಿಪುರದ ಹತ್ತಿರದ ನಮ್ಮ ಊರಿನಲ್ಲಿ ಓದು ಬಾರದ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು. ತಿಪ್ಪಸಂದ್ರದಲ್ಲಿ ಯಾರೋ ಒಬ್ಬ ವಿಧವೆ ಜ್ವರದಲ್ಲಿ ಮಲಗಿದ್ದಾಗ ದಲ್ಲಾಳಿಯೊಬ್ಬ ಅವಳ ಬೆರಳಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತಿಕೊಂಡನಂತೆ. ಕಣ್ಣು ಬಿಟ್ಟಾಗ ಹೊಲ ಅವಳದಾಗಿ ಉಳಿದಿರಲಿಲ್ಲವಂತೆ. ಆ ಹೆಂಗಸನ್ನು ಕಣ್ಣಾರೆ ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ಕಾನ್ವೆಂಟಿನಲ್ಲಿ ಓದುತ್ತಿದ್ದ ನಾನು 'ನಾನ್‌ಸೆನ್ಸ್' ಎನ್ನಬೇಕಾಗಿತ್ತು. ಅದರ ಬದಲು ನಾನೂ ಹೆಬ್ಬೆರಳು ಮಡಚಿಕೊಂಡೇ ಮಲಗುತ್ತಿದ್ದೆ.

ಆಗ ನನಗೆ ಹನ್ನೆರಡು ವರ್ಷ. ಬೆಂಗಳೂರಿನ ಬೋರ್ಡಿಂಗಿನಿಂದ ಬೇಸಿಗೆ ರಜೆಗೆ ಬಂದಿದ್ದೆ. ಅಜ್ಜ ಹಿಂದಿನ ವರ್ಷ ತೀರಿಕೊಂಡಿದ್ದರು. ಅವರು ಬೆಳೆಸಿದ ಹಿಪ್ಪುನೇರಳೆ ತೋಟ ಅಜ್ಜಿಯ ಹೆಸರಿನಲ್ಲಿತ್ತು. ಅಪ್ಪನಿಗೆ ಬೆಂಗಳೂರಿನ ನೌಕರಿ. ಸೊಪ್ಪು ಕುಯ್ದು ಹುಳು ಸಾಕುವ ಕೈಗಳು ಮನೆಯಲ್ಲಿ ಉಳಿದಿರಲಿಲ್ಲ. ತೋಟವನ್ನು ಮೂರು ವರ್ಷಕ್ಕೆ ಗುತ್ತಿಗೆ ಕೊಡುವುದೆಂದಾಯಿತು. ಕ್ಲೋಸ್‌ಪೇಟೆ ಕಡೆಯ, ಎಂದರೆ ಈಗಿನ ರಾಮನಗರದ, ಒಂದು ಸಂಸಾರವನ್ನು ಈ ದಲ್ಲಾಳಿಯೇ ಹುಡುಕಿ ತಂದಿದ್ದ.

ಸಣಕಲು ಮನುಷ್ಯ. ಮಾಸಿದ ಕೋಟು, ಕಂಕುಳಲ್ಲಿ ಕೊಡೆ. ಜಗಲಿಯ ಮೇಲೆ ಕೂರು ಎಂದು ಯಾರೂ ಹೇಳದ ಕಾರಣ ಮೆಟ್ಟಿಲ ತುದಿಯಲ್ಲೇ ಕೂತು ಕಾಗದ ಬಿಚ್ಚಿದ.

"ಮೂರೇ ವರ್ಸ ಕಣ್ರವ್ವಾ. ಆಮೇಕೆ ತ್ವಾಟ ನಿಮ್ಮ ಕೈಗೇ. ನನ್ ಬಾಯಿ ಯಾಕೆ, ನಿಮ್ ಮೊಮ್ಮಗಳ ಕೈಲೇ ಓದಿಸ್ಕಳಿ."

"ಓದುಸ್ದೆ ಬುಟ್ಟೇನಾ?" ಎಂದಳು ಅಜ್ಜಿ. "ನಿಮ್ಮಂತೋರ್ನ ನಂಬ್ಕಂಡು ಆ ತಿಪ್ಪಸಂದ್ರದೋಳು ಏನಾದ್ಲು ಅಂತ ಗೊತ್ತು ಕಣಯ್ಯ."

"ಆ ತಿಪ್ಪಸಂದ್ರದೋಳು ಯಾರು ಅಂತ ನಂಗೂ ಒಸಿ ತೋರ್ಸಿ ಅವ್ವಾರೆ. ಇಪ್ಪತ್ ವರ್ಸದಿಂದ ಅವಳ ಪಾಪ ಹೊತ್ಕಂಡು ತಿರುಗ್ತಾ ಇವ್ನಿ."

ಸುತ್ತ ನೆರೆದಿದ್ದ ಬೀದಿಯ ಹೆಂಗಸರು ನಕ್ಕರು. ಅಜ್ಜಿ ನಗಲಿಲ್ಲ. "ಓದು ಮಗ" ಎಂದು ಕಾಗದ ನನ್ನ ಕೈಗಿಟ್ಟಳು.

ನೋಡಿದೆ. ಅಚ್ಚಿನ ಕನ್ನಡವನ್ನೇ ನಾನು ಕೂಡಿಸಿಕೊಂಡು ಓದುತ್ತಿದ್ದೆ. ಸಿಸ್ಟರ್‌ಗಳು ಕಲಿಸಿದ್ದು ರೆಸಿಟೇಶನ್, ಕಸೂತಿ, ಮೇಜಿನಲ್ಲಿ ಕೂರುವ ಮ್ಯಾನರ್ಸ್. ಇದೋ ಕಚೇರಿಯವರ ಮೋಡಿ ಬರಹ. ಲೇಖನಿ ಎತ್ತದೆ, ಒಂದಕ್ಷರದ ಬಾಲಕ್ಕೆ ಇನ್ನೊಂದನ್ನು ಗಂಟು ಹಾಕಿದ ಸಾಲುಗಳು. ಒಂದು ಪದವೂ ಬಿಡಿಸಲಾಗಲಿಲ್ಲ. ಬರುವುದಿಲ್ಲ ಎಂದುಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ "ನನ್ ಮೊಮ್ಮಗಳು ಇಂಗ್ಲೀಸೇ ಓದ್ತಳೆ" ಎಂದು ಅಜ್ಜಿ ಹೇಳದ ಮನೆ ಊರಿನಲ್ಲಿರಲಿಲ್ಲ. ಅವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು.

ಓದಿದೆ. ಅಂದರೆ, ದಲ್ಲಾಳಿ ಆಗಷ್ಟೇ ಹೇಳಿದ್ದನ್ನೇ ಗಂಭೀರವಾಗಿ ಮತ್ತೆ ಹೇಳಿದೆ. ಪತ್ರವೆಂದ ಮೇಲೆ ಚಕ್ಕುಬಂದಿ ಇರುತ್ತದೆ, ನಾಲ್ಕು ದಿಕ್ಕಿನ ಗಡಿ ಬರೆದಿರುತ್ತಾರೆ ಎಂಬುದು ಅಜ್ಜನ ಬಾಯಿಂದ ಕೇಳಿ ಗೊತ್ತಿತ್ತು. ತೋಟವನ್ನು ಕಣ್ಣ ಮುಂದೆ ತಂದುಕೊಂಡು, "ಪೂರ್ವಕ್ಕೆ ಕೆರೆ ಕಾಲುವೆ, ಪಶ್ಚಿಮಕ್ಕೆ ಗಾಡಿದಾರಿ, ದಕ್ಷಿಣಕ್ಕೆ ಗೌಡರ ಹೊಲ, ಉತ್ತರಕ್ಕೆ ಹಲಸಿನ ಮರ" ಎಂದೆ. ಅಜ್ಜಿ ತಲೆದೂಗಿದಳು. ದಲ್ಲಾಳಿಯೂ ತಲೆದೂಗಿದ.

ಮರುದಿನ ಗಾಡಿಯಲ್ಲಿ ಚನ್ನಪಟ್ಟಣದ ರಿಜಿಸ್ಟ್ರಾರ್ ಕಚೇರಿಗೆ ಹೊರಟೆವು. ಆ ದಾರಿಯಲ್ಲಿ ಪಟ್ಟ ಭಯವನ್ನು ಇಷ್ಟು ವರ್ಷಗಳಲ್ಲಿ ನಾನು ಮತ್ತೆ ಪಟ್ಟಿಲ್ಲ. ಕಾಗದದಲ್ಲಿ ಗುತ್ತಿಗೆಯ ಬದಲು ಕ್ರಯ ಎಂದಿದ್ದರೆ? ಅಜ್ಜಿಯ ತೋಟವನ್ನು ನನ್ನ ನಾಲಿಗೆಯೇ ಮಾರಿಬಿಟ್ಟಂತಾಯಿತಲ್ಲ. ಕೆರೆ ಏರಿ ದಾಟಿದ ಮೇಲೆ ಹೇಳೋಣ ಎಂದುಕೊಂಡೆ. ಏರಿ ದಾಟಿತು. ಊರು ಕಂಡ ಮೇಲೆ ಎಂದುಕೊಂಡೆ. ಊರೂ ಬಂತು.

ಕಚೇರಿಯಲ್ಲಿ ಪೇಟ ಸುತ್ತಿದ ಅಧಿಕಾರಿ, ಪಕ್ಕದಲ್ಲಿ ಗುಮಾಸ್ತ. ಗುಮಾಸ್ತ ಗಟ್ಟಿಯಾಗಿ ಓದತೊಡಗಿದ. ಮೂರು ವರ್ಷದ ಗುತ್ತಿಗೆ. ಥ್ಯಾಂಕ್ ಗಾಡ್ ಎಂದು ಉಸಿರು ಬಿಟ್ಟೆ. ಆಮೇಲೆ ಚಕ್ಕುಬಂದಿ ಬಂತು. "ಉತ್ತರಕ್ಕೆ ಸರ್ಕಾರಿ ಬೀಳು."

"ನಿಲ್ಸಪ್ಪಾ!" ಅಜ್ಜಿ ಕೂಗಿದಳು. "ಹಲಸಿನ ಮರ ಎಲ್ಲೋಯ್ತು? ನೆನ್ನೆ ನನ್ ಮೊಮ್ಮಗಳು ಓದ್ದಾಗ ಇತ್ತು. ಕಾಗ್ದ ಬದಲಾಯಿಸ್ಬುಟ್ಟವ್ನೆ ಇವ್ನು!"

ಅಲ್ಲಿದ್ದವರೆಲ್ಲ ದಲ್ಲಾಳಿಯ ಕಡೆ ತಿರುಗಿದರು. ಕಾಗದ ಯಾವುದೆಂದು ಒಬ್ಬರೂ ಕೇಳಲಿಲ್ಲ.

"ದಲ್ಲಾಳಿ ಮರ ಬುಟ್ಟಾನಾ ಕಣಜ್ಜಿ? ಬೇರ್ ಸಮೇತ ನುಂಗವ್ನೆ" ಎಂದನೊಬ್ಬ.

"ಎಳ್ಕಂಡ್ ನಡೀರ್ಲಾ ಪೊಲೀಸ್ ಠಾಣೆಗೆ" ಎಂದ ಇನ್ನೊಬ್ಬ, ಎದ್ದೇ ನಿಂತು.

ದಲ್ಲಾಳಿ ಎಲ್ಲರ ಕಡೆಗೂ ಕೈ ಮುಗಿದ. "ನನ್ ಮಕ್ಳಾಣೆಗೂ ಅದೇ ಕಾಗ್ದ ಕಣ್ರಪ್ಪಾ" ಎನ್ನುತ್ತಿದ್ದ. ಯಾರೋ ಅವನ ಕೋಟಿನ ಕಾಲರಿಗೆ ಕೈ ಹಾಕಿದರು.

ನಾನು ಅಧಿಕಾರಿಯ ಮೇಜಿನ ಹತ್ತಿರ ಹೋದೆ. "ಸರ್, ಐ ಕುಡ್ ನಾಟ್ ರೀಡ್ ಇಟ್. ಐ ಮೇಡ್ ಇಟ್ ಅಪ್" ಎಂದೆ. ಓದಲು ಬರಲಿಲ್ಲ, ನಾನೇ ಕಟ್ಟಿ ಹೇಳಿದೆ ಎಂದು. ಹೆದರಿಕೆಗೆ ಕನ್ನಡ ಬಾಯಿಗೆ ಬರಲಿಲ್ಲವೆಂದು ಬಹುಕಾಲ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಆ ಕೋಣೆಯಲ್ಲಿ ಇಂಗ್ಲಿಷ್ ತಿಳಿದವರು ಅವರೊಬ್ಬರೇ ಎಂದು ಗೊತ್ತಿದ್ದೇ ಹೇಳಿದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಐ ಸೀ" ಎಂದರು, ಬಹಳ ಮೆಲ್ಲಗೆ. ನಂತರ ಅಜ್ಜಿಗೆ, "ಕಾಗದ ಸರಿಯಾಗಿದೆಯಮ್ಮ. ಇವನು ಏನೂ ಬದಲಾಯಿಸಿಲ್ಲ. ಮರ ನಿಮ್ಮ ಗಡಿಯೊಳಗೇ ಇರಬೇಕು, ಅದರಾಚೆ ಏನಿದೆಯೋ ಅದನ್ನೇ ಬರೆಯೋದು" ಎಂದರು. ನನ್ನ ಸುದ್ದಿ ಎತ್ತಲಿಲ್ಲ. ಮಗುವಿಗೆ ಅವಮಾನವಾಗದಿರಲಿ ಎಂದಿರಬೇಕು. ಪೂರ್ ಮ್ಯಾನ್, ಒಳ್ಳೆಯದನ್ನೇ ಮಾಡಿದೆನೆಂದುಕೊಂಡರು.

ಅಜ್ಜಿ ಅವರನ್ನೊಮ್ಮೆ, ದಲ್ಲಾಳಿಯನ್ನೊಮ್ಮೆ ನೋಡಿದಳು. "ಓಹೋ, ಸಾಹೇಬ್ರೂ ಇವನ ಕಡೆಯೋರೇಯಾ!" ಎಂದು, ನನ್ನ ತೋಳು ಹಿಡಿದು ಹೊರಗೆ ನಡೆದುಬಿಟ್ಟಳು. ಪತ್ರಕ್ಕೆ ಹೆಬ್ಬೆಟ್ಟು ಬೀಳಲಿಲ್ಲ.

ಗಾಡಿಯ ಹತ್ತಿರ ದಲ್ಲಾಳಿ ಓಡಿ ಬಂದ. ಕಾಲರು ಹರಿದಿತ್ತು. ಬೈಯುತ್ತಾನೆಂದು ನಾನು ಅಜ್ಜಿಯ ಹಿಂದೆ ಸರಿದೆ. ಅವನು ಬೈಯಲಿಲ್ಲ.

"ಮಗಾ, ನೀನು ಓದ್ದಾಗ ಮರ ಇದ್ದದ್ದು ದಿಟವಾ? ನಂಗೂ ಓದಾಕ್ ಬರಾಕಿಲ್ಲ ಕಣವ್ವ. ಹಂಗಾದ್ರೆ ಬರೆಯೋ ಅಯ್ನೋರು ನಂಗೇ ಮೋಸ ಮಾಡವ್ರಾ?"

"ಮಗೀನ ಯಾಕಯ್ಯ ಹೆದರುಸ್ತೀಯೆ? ನಡಿಯತ್ಲಾಗೆ" ಎಂದಳು ಅಜ್ಜಿ.

ನಾನು ಗಾಡಿ ಹತ್ತಿ ಕೂತೆ. ಅವನು ಅದನ್ನೇ ಹೌದೆಂಬ ಉತ್ತರವೆಂದುಕೊಂಡನೋ ಏನೋ. ಗಾಡಿ ಹೊರಟಾಗ, ಪತ್ರ ಬರೆದುಕೊಟ್ಟವನು ಹಲಗೆ ಮುಂದಿಟ್ಟುಕೊಂಡು ಕೂತಿದ್ದ ಕಚೇರಿಯ ಜಗಲಿಯತ್ತ ದಲ್ಲಾಳಿ ಬಿರಬಿರನೆ ಹೋಗುತ್ತಿದ್ದ, ಜಗಳಕ್ಕೆ.