ಅಕ್ಕ ತಿದ್ದಿಕೊಟ್ಟ ಮಾತು

ನಮ್ಮಕ್ಕನಿಗೆ ಐವತ್ತೆರಡು. ಮಂಡಿನೋವು, ದಪ್ಪ ಕನ್ನಡಕ, ಮಾತೆತ್ತಿದರೆ ಸಿಡಿಮಿಡಿ. ಆದರೂ ಓಣಿಯವರಿಗೆಲ್ಲ ಅವಳು ‘ರಾಜಕುಮಾರಿ’. ಕಾರ್ಟೂನ್ ಸಿನಿಮಾವೊಂದರಲ್ಲಿ ರೆಕ್ಕೆಯ ಆಸೆಗೆ ಬಿದ್ದು ಮಾಟಗಾತಿಗೆ ತನ್ನ ನೆರಳನ್ನೇ ಕೊಟ್ಟುಬಿಡುವ ರಾಜಕುಮಾರಿಗೆ ನಮ್ಮ ಭಾಷೆಯಲ್ಲಿ ದನಿ ಕೊಟ್ಟವಳು ಇವಳೇ. ಡಬ್ಬಿಂಗ್ ಬಿಟ್ಟರೆ ಬೇರೆ ಕಸುಬು ಅವಳಿಗೆ ಗೊತ್ತಿಲ್ಲ.

ಹೋದ ವರ್ಷ ಸ್ಟುಡಿಯೋದವರು ಒಂದು ಕಾಗದ ಮುಂದಿಟ್ಟು, “ನಿಮ್ಮ ದನಿ ಶಾಶ್ವತವಾಗಿ ಉಳಿಯುತ್ತೆ ಮೇಡಂ” ಅಂದರು. ಇವಳು ಉಬ್ಬಿಹೋಗಿ ಸಹಿ ಹಾಕಿ ಬಂದಳು. ಓದಿದೆಯಾ ಅಂತ ಕೇಳಿದ್ದಕ್ಕೆ, “ಓದೋಕೇನಿದೆಯೇ, ಗೊತ್ತಿರೋ ಜನ” ಅಂದಳು. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಅಂದರೆ ಇದೇ. ಆಮೇಲೆ ಅವಳ ದನಿಯಲ್ಲಿ ಕಂಪ್ಯೂಟರೇ ಮಾತಾಡತೊಡಗಿತು. ಅವಳನ್ನು ಯಾರೂ ಕರೆಯಲಿಲ್ಲ.

ಮೊನ್ನೆ ಫೋನು ಬಂತು. ಸಿನಿಮಾದ ಎರಡನೇ ಭಾಗವಂತೆ. ಕೊಟ್ಟಿದ್ದಕ್ಕೆ ಪಶ್ಚಾತ್ತಾಪಪಟ್ಟು ರಾಜಕುಮಾರಿ ನೆರಳನ್ನು ವಾಪಸ್ ಕೇಳಲು ಹೊರಡುತ್ತಾಳಂತೆ. ಒಮ್ಮೆ ಬಂದು ಡೈಲಾಗ್ ಕೇಳಿಸಿಕೊಳ್ಳಿ ಅಂದರು. ಅಕ್ಕ ಬೆಳಗ್ಗೆಯಿಂದ ಬಿಸಿನೀರು ಮುಕ್ಕಳಿಸಿದ್ದೇ ಮುಕ್ಕಳಿಸಿದ್ದು. “ಯಂತ್ರಕ್ಕೆ ಅಳೋಕೆ ಬರಲ್ಲ ಕಣೇ, ಅದಕ್ಕೇ ಕರೆದಿದಾರೆ” ಅಂದಳು. ಅವಳ ಮಂಡಿಯನ್ನು ನಂಬಲಾರದೆ ನಾನೂ ಜೊತೆಗೆ ಹೋದೆ.

ಸ್ಟುಡಿಯೋದಲ್ಲಿ ಮೈಕನ್ನು ಮೂಲೆಗೆ ತಳ್ಳಿ, ಅದರ ಮುಂದೆ ಮುರಿದ ಕುರ್ಚಿಗಳನ್ನು ಒಟ್ಟಿದ್ದರು. ಎಂಜಿನಿಯರ್ ಇಬ್ಬರಿಗೂ ಹೆಡ್‌ಫೋನ್ ಕೊಟ್ಟ. ಯಂತ್ರ ಅತ್ತಿತು. ಥೇಟ್ ಅಕ್ಕನ ಹಾಗೇ ಅತ್ತಿತು. ಅಕ್ಕನ ಮುಖ ಸಣ್ಣದಾಯಿತು. ಆಮೇಲೆ ಪರದೆಯ ಮೇಲೆ ರಾಜಕುಮಾರಿ ಹೊಸ್ತಿಲಲ್ಲಿ ನಿಂತು, “ಅಮ್ಮಾ, ಹೋಗ್ತೀನಿ” ಅಂದಳು.

ಅಕ್ಕ ಮಂಡಿನೋವು ಮರೆತು ಎದ್ದಳು. “ತಪ್ಪು! ಮನೆಯಿಂದ ಹೊರಡೋ ಮಗಳು ಹೋಗ್ತೀನಿ ಅಂತಾಳೇನ್ರೀ? ಬಿಡ್ತು ಅನ್ನಿ! ಹೋಗಿ ಬರ್ತೀನಿ ಅನ್ಬೇಕು. ‘ಬರ್ತೀನಿ’ಗೆ ಮುಂಚೆ ಒಂಚೂರು ತಡೀಬೇಕು, ಗಂಟಲು ಕಟ್ಟಿರುತ್ತೆ.” ಅವಳ ಕಣ್ಣು ಆಗಲೇ ಮೈಕಿನ ಕಡೆಗಿತ್ತು. ಬಾಯ್ಮುಚ್ಚೇ ಅಂತ ಚಿವುಟಬೇಕೆನಿಸಿತು. ಚಿವುಟಲಿಲ್ಲ, ಪಾಪ, ಎಷ್ಟೋ ತಿಂಗಳ ಮೇಲೆ ಅವಳ ಮುಖ ಅರಳಿತ್ತು.

“ಹೌದಲ್ವಾ ಮೇಡಂ, ನಮಗೆ ಹೊಳೀಲೇ ಇಲ್ಲ” ಅಂದ ಎಂಜಿನಿಯರ್ ಏನೋ ಟೈಪ್ ಮಾಡಿ ಗುಂಡಿ ಒತ್ತಿದ.

“ಅಮ್ಮಾ, ಹೋಗಿ... ಬರ್ತೀನಿ.”

ಅಕ್ಕ ಹೇಳಿದ ಕಡೆಯೇ ತಡೆಯಿತು. ಗಂಟಲೂ ಕಟ್ಟಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಹಾಳಾದ್ದು.

“ಸರಿಯಾಯ್ತಾ ಮೇಡಂ?”

ಕಸುಬಿನ ವಿಷಯದಲ್ಲಿ ಅಕ್ಕನಿಗೆ ಸುಳ್ಳು ಹೇಳಿ ಗೊತ್ತಿಲ್ಲ. “ಸರಿಯಾಯ್ತು” ಅಂದಳು.

“ಕಲಿತುಬಿಡ್ತು ನೋಡಿ. ಇನ್ಮೇಲೆ ನಿಮಗೆ ಬರೋ ತೊಂದ್ರೆನೂ ಇಲ್ಲ.”

ಅಕ್ಕ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.